ಕನಸಿನ ಕಮ್ಮಟ, ನಿಸರ್ಗದ ಸರಕು



ಮಿಶ್ರಮಾಧ್ಯಮದ ಕಲೆಗೆ ಸ್ವಪ್ನವೂ ನಿಸರ್ಗವೂ ಯಾವ ಬಗೆಯಲ್ಲಿ ಪ್ರೇರಣೆಯಾಗಬಲ್ಲವು ಎಂಬುದು ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ. ಬಣ್ಣವೊಂದನ್ನೇ ನೆಚ್ಚಿ ಕೂರದೆ, ಬಟ್ಟೆ, ಕಾಗದ, ದಾರ, ಮಣ್ಣು, ಲೋಹ, ಬೀಜ, ಬೂದಿ ಮೊದಲಾದ ವಸ್ತುಗಳನ್ನು ಒಂದೇ ಕೃತಿಯೊಳಗೆ ಒಂದಕ್ಕೊಂದು ಹೊಂದುವಂತೆ ಕೂಡಿಸುವ ಕಲೆಯನ್ನು ನಾವು ಇಂದು ಮಿಶ್ರಮಾಧ್ಯಮವೆಂದು ಕರೆಯುತ್ತೇವೆ. ಈ ಮಾತು ಹೊಸದಾದರೂ ಈ ಕೆಲಸವು ನಮ್ಮ ನಾಡಿನಲ್ಲಿ ಬಹು ಹಳೆಯದು. ಮೊದಲು ಸ್ವಪ್ನದ ವಿಚಾರವಾಗಿ ನಮ್ಮ ಪೂರ್ವಿಕರು ಕಂಡುಕೊಂಡಿದ್ದ ಕೆಲವು ಸಂಗತಿಗಳನ್ನು ಅರಿಕೆ ಮಾಡಿ, ಬಳಿಕ ಮಲೆನಾಡಿನ ಹಾಗೂ ತುಳುನಾಡಿನ ಚಿತ್ರಪದ್ಧತಿಗಳತ್ತ ಹೊರಳಿ, ಆಮೇಲೆ ನಮ್ಮ ಕಾಲದ ಕೆಲವು ಕಲಾವಿದರನ್ನು ನೆನೆದು, ಕಡೆಯಲ್ಲಿ ನಮ್ಮ ಈ ಉತ್ತರ ಬೆಂಗಳೂರಿನ ನೆಲವು ಕಲಾಭ್ಯಾಸಿಗೆ ಏನನ್ನು ಕೊಡಬಲ್ಲುದು ಎಂಬುದನ್ನು ಹೇಳುವೆನು. ಮನಶ್ಶಾಸ್ತ್ರಜ್ಞರ ಸ್ವಪ್ನವಿಶ್ಲೇಷಣೆಗೆ ನಾನು ಕೈಹಾಕುವುದಿಲ್ಲ. ಕಲಾವಿದನಿಗೆ ಬೇಕಾದುದು ಕನಸಿನ ಅರ್ಥಕ್ಕಿಂತ ಹೆಚ್ಚಾಗಿ ಅದರ ರಚನೆ.

ಆ ರಚನೆಯನ್ನು ಕುರಿತು ನಾನು ಬಲ್ಲ ಅತ್ಯಂತ ಪ್ರಾಚೀನವೂ ಅತ್ಯಂತ ಸೂಕ್ಷ್ಮವೂ ಆದ ವಿವೇಚನೆಯು ಬೃಹದಾರಣ್ಯಕೋಪನಿಷತ್ತಿನಲ್ಲಿದೆ. ಯಾಜ್ಞವಲ್ಕ್ಯರು ಜನಕಮಹಾರಾಜನಿಗೆ ಸ್ವಪ್ನಾವಸ್ಥೆಯನ್ನು ವಿವರಿಸುವ ಸಂದರ್ಭವದು. ಅಲ್ಲಿನ ಅಭಿಪ್ರಾಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ನಿದ್ರಿಸುವ ಪುರುಷನು ಎಲ್ಲವನ್ನೂ ಒಳಗೊಂಡ ಈ ಲೋಕದಿಂದಲೇ ಒಂದಿಷ್ಟು ದ್ರವ್ಯವನ್ನು ಎತ್ತಿಕೊಂಡು ಹೋಗಿ, ತಾನೇ ಅದನ್ನು ಕೆಡವಿ, ತಾನೇ ಅದನ್ನು ಮತ್ತೆ ಕಟ್ಟಿ, ತನ್ನದೇ ಬೆಳಕಿನಲ್ಲಿ ಕಾಣುತ್ತಾನೆ; ಅಲ್ಲಿ ರಥಗಳಿಲ್ಲ, ದಾರಿಗಳಿಲ್ಲ, ಕೊಳಗಳಿಲ್ಲ, ಆದರೂ ಅವನು ಅವೆಲ್ಲವನ್ನೂ ಸೃಜಿಸಿಕೊಳ್ಳುತ್ತಾನೆ. ಎತ್ತಿಕೊಳ್ಳುವುದು, ಕೆಡವುವುದು, ಕಟ್ಟುವುದು ಎಂಬ ಈ ಮೂರು ಕ್ರಿಯೆಗಳನ್ನು ಗಮನಿಸಬೇಕೆಂದು ನಾನು ಬೇಡುತ್ತೇನೆ. ಹಳೆಯ ಸೀರೆಯ ಅಂಚನ್ನೂ ಪತ್ರಿಕೆಯ ತುಣುಕನ್ನೂ ಒಣಗಿದ ಎಲೆಯನ್ನೂ ಹಲಗೆಯ ಮೇಲೆ ಕೂಡಿಸುವ ಕಲಾವಿದೆಯು ಹಗಲಿನಲ್ಲಿ ಮಾಡುವ ಕೆಲಸವೂ ಇದೇ ಅಲ್ಲವೆ? ಸ್ವಪ್ನವು ಸ್ವಭಾವತಃ ಮಿಶ್ರಮಾಧ್ಯಮ. ಅದರ ಸರಕೆಲ್ಲವೂ ನಿಸರ್ಗದಿಂದ, ಎಚ್ಚರದ ಲೋಕದಿಂದ ಬಂದದ್ದು. ಆದುದರಿಂದ ಕನಸು ಬೇರೆ, ನಿಸರ್ಗ ಬೇರೆ ಎಂದು ಎರಡು ಆಕರಗಳನ್ನು ಕಲ್ಪಿಸಿಕೊಂಡು, ಇಂದು ಇದರಿಂದ ನಾಳೆ ಅದರಿಂದ ಎಂದು ಸ್ಫೂರ್ತಿಯನ್ನು ಮೊಗೆಯಹೊರಡುವುದು ಸರಿಯಾದ ಕ್ರಮವಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಕಮ್ಮಟ ಒಂದೇ, ಹಗಲಿನಲ್ಲಿ ಅಲ್ಲಿಗೆ ಸರಕು ಬರುತ್ತದೆ, ಇರುಳಿನಲ್ಲಿ ಕೆಲಸ ನಡೆಯುತ್ತದೆ.

ನಮ್ಮ ಜೈನಕವಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಆದಿತೀರ್ಥಂಕರನ ಜನನಿಯಾದ ಮರುದೇವಿಯು ಕಾಣುವ ಹದಿನಾರು ಕನಸುಗಳ ಪ್ರಕರಣವಿದೆ. ಬಿಳಿಯ ಆನೆ, ವೃಷಭ, ಸಿಂಹ, ಅಭಿಷಿಕ್ತಳಾಗುತ್ತಿರುವ ಲಕ್ಷ್ಮಿ, ಎರಡು ಹೂಮಾಲೆ, ಚಂದ್ರ, ಸೂರ್ಯ, ಜೋಡಿ ಮೀನು, ಪೂರ್ಣಕುಂಭಗಳು, ತಾವರೆಗೊಳ, ಕಡಲು, ಸಿಂಹಾಸನ, ದೇವವಿಮಾನ, ನಾಗಭವನ, ರತ್ನರಾಶಿ, ಹೊಗೆಯಿಲ್ಲದ ಬೆಂಕಿ ಎಂದು ದಿಗಂಬರ ಸಂಪ್ರದಾಯವು ಅವನ್ನು ಎಣಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ನಾವು ಕಣ್ಣಾರೆ ಕಾಣುವ ವಸ್ತುಗಳೇ. ಅಲೌಕಿಕತೆಯು ವಸ್ತುಗಳಲ್ಲಿಲ್ಲ, ಅವುಗಳ ಸಾನ್ನಿಧ್ಯದಲ್ಲಿದೆ. ಆನೆಯ ಬದಿಯಲ್ಲಿ ಮೀನು, ಕಡಲಿನ ಬದಿಯಲ್ಲಿ ಸಿಂಹಾಸನ, ಕಟ್ಟಕಡೆಗೆ ಹೊಗೆಯನ್ನು ಕಳೆದುಕೊಂಡ ಬೆಂಕಿ. ಇದ್ದ ವಸ್ತುವಿನಿಂದ ಅದರ ಒಂದು ಗುಣವನ್ನು ತೆಗೆದು ಅದನ್ನು ಅಪೂರ್ವಗೊಳಿಸುವ ಈ ಕೊನೆಯ ಉಪಾಯವೊಂದರಿಂದಲೇ ಕಲಾಭ್ಯಾಸಿಯು ಒಂದು ವರ್ಷದ ಪಾಠವನ್ನು ಕಲಿಯಬಹುದು.

ಶ್ರವಣಬೆಳಗೊಳದ ಐತಿಹ್ಯವು ಇದಕ್ಕಿಂತಲೂ ನಮಗೆ ಹತ್ತಿರದ್ದು. ಗಂಗ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಪೌದನಪುರದ ಬಾಹುಬಲಿಯ ದರ್ಶನಕ್ಕೆಂದು ತಾಯಿಯೊಡನೆ ಹೊರಟು ಬೆಳಗೊಳದಲ್ಲಿ ತಂಗಿದ್ದಾಗ, ಕೂಷ್ಮಾಂಡಿನೀ ದೇವಿಯು ಕನಸಿನಲ್ಲಿ ಕಾಣಿಸಿಕೊಂಡು, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದ ಕಡೆಗೆ ಬಾಣವನ್ನು ಬಿಡುವಂತೆ ಅಪ್ಪಣೆಯಿತ್ತಳೆಂದೂ, ಬಾಣ ತಾಗಿದೆಡೆಯಲ್ಲಿ ಮೂರ್ತಿಯು ಗೋಚರವಾಯಿತೆಂದೂ ನಂತರದ ಕಾಲದ ಕೃತಿಗಳು ಹೇಳುತ್ತವೆ. ಕ್ರಿ.ಶ. 981ರ ಸುಮಾರಿಗೆ ಪ್ರತಿಷ್ಠಿತವಾದ, ಸುಮಾರು 58 ಅಡಿ ಎತ್ತರದ ಆ ಏಕಶಿಲಾಮೂರ್ತಿಯ ಮುಂದೆ ನಿಂತವರೆಲ್ಲರೂ ಮುಖದ ಪ್ರಶಾಂತಿಯನ್ನು ಕೊಂಡಾಡುತ್ತಾರೆ. ನಾನು ನಿಮ್ಮ ದೃಷ್ಟಿಯನ್ನು ಕೆಳಗೆ, ಪಾದದ ಬಳಿಗೆ, ತೊಡೆಯ ಬಳಿಗೆ ಸೆಳೆಯಬಯಸುತ್ತೇನೆ. ಅಲ್ಲಿ ಹುತ್ತಗಳಿವೆ, ಅವುಗಳಿಂದ ಹಾವುಗಳು ತಲೆಯೆತ್ತಿವೆ, ಮಾಧವೀಲತೆಯು ಕಾಲನ್ನು ಬಳಸಿ ತೋಳಿನವರೆಗೆ ಹಬ್ಬಿದೆ. ಕಲ್ಲಿನಲ್ಲಿ ಬಳ್ಳಿಯನ್ನು ಹಬ್ಬಿಸಿದ ಶಿಲ್ಪಿಯು ನಿಜವಾದ ಬಳ್ಳಿಯು ಆಧಾರವನ್ನು ಹೇಗೆ ಹುಡುಕುತ್ತದೆ, ಎಲೆಯು ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಬಹುಕಾಲ ನೋಡಿದ್ದಿರಬೇಕು. ಐತಿಹ್ಯದಲ್ಲಿ ಕನಸು ಕೊಟ್ಟದ್ದು ಒಂದು ದಿಕ್ಕನ್ನು ಮಾತ್ರ. ಬೆಟ್ಟವು ಬಂಡೆಯನ್ನು ಕೊಟ್ಟಿತು. ಮಿಕ್ಕುದೆಲ್ಲವೂ ಉಳಿಯ ಕೆಲಸ.

ಕನಸಿಗೂ ಕೈಗೂ ಇರುವ ಈ ಸಂಬಂಧವನ್ನು ಭಾಗವತದ ಉಷಾಪರಿಣಯದ ಕಥೆಯು ಇನ್ನೂ ಸ್ಫುಟವಾಗಿ ತೋರಿಸುತ್ತದೆ. ಯಕ್ಷಗಾನದ ಆಟಗಳಲ್ಲಿ ಈ ಪ್ರಸಂಗವನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಬಾಣಾಸುರನ ಮಗಳಾದ ಉಷೆಯು ಹಿಂದೆಂದೂ ನೋಡದ, ಹೆಸರನ್ನೂ ಕೇಳದ ತರುಣನೊಬ್ಬನನ್ನು ಕನಸಿನಲ್ಲಿ ಕಂಡು, ಎಚ್ಚತ್ತ ಮೇಲೆ ವಿಹ್ವಲಳಾಗುತ್ತಾಳೆ. ಸಖಿಯಾದ ಚಿತ್ರಲೇಖೆಯು ದೇವತೆಗಳನ್ನೂ ಗಂಧರ್ವರನ್ನೂ ಮನುಷ್ಯರನ್ನೂ ಒಬ್ಬೊಬ್ಬರನ್ನಾಗಿ ಬರೆಯುತ್ತ ಹೋಗುತ್ತಾಳೆ. ವೃಷ್ಣಿವಂಶದವರ ಸರದಿ ಬಂದು, ಪ್ರದ್ಯುಮ್ನನ ಚಿತ್ರವನ್ನು ಕಂಡೊಡನೆ ಉಷೆಗೆ ನಾಚಿಕೆಯಾಗುತ್ತದೆ; ಅನಿರುದ್ಧನ ಚಿತ್ರವನ್ನು ಕಂಡಾಗ ಅವಳು ತಲೆ ತಗ್ಗಿಸುತ್ತಾಳೆ. ಕನಸನ್ನು ಕಂಡವಳೊಬ್ಬಳು, ಚಿತ್ರವನ್ನು ಬರೆದವಳೊಬ್ಬಳು. ಕಂಡವಳಿಗೆ ಬರೆಯಲು ಬಾರದು, ಬರೆಯುವವಳು ಕಂಡಿಲ್ಲ. ಮತ್ತೆ ಮತ್ತೆ ಬರೆದು ಮುಂದಿಟ್ಟು, ಇದಲ್ಲ, ಇದೂ ಅಲ್ಲ ಎಂಬ ನಿರಾಕರಣೆಯನ್ನು ಸಹಿಸಿಕೊಂಡು ಹೋದಾಗಲೇ ಸತ್ಯವಾದ ರೂಪವು ಮೈದೋರಿತು. ಪ್ರತಿಯೊಬ್ಬ ಕಲಾವಿದನೊಳಗೂ ಈ ಇಬ್ಬರು ಗೆಳತಿಯರು ಇರಬೇಕು. ಇಂದಿನ ಅನೇಕ ತರುಣರು ಉಷೆಯ ವಿಹ್ವಲತೆಯನ್ನೇ ಕಲೆಯೆಂದು ಭಾವಿಸಿ, ಚಿತ್ರಲೇಖೆಯ ತಾಳ್ಮೆಯನ್ನು ಉಪೇಕ್ಷಿಸುತ್ತಿರುವುದು ನನಗೆ ವ್ಯಥೆಯನ್ನು ತರುತ್ತದೆ.

ಇನ್ನು ಎರಡನೆಯ ವಿಚಾರಕ್ಕೆ ಬರುತ್ತೇನೆ. ನಿಸರ್ಗದಿಂದ ಸ್ಫೂರ್ತಿ ಪಡೆಯುವುದೆಂದರೆ ಬೆಟ್ಟವನ್ನೋ ಮರವನ್ನೋ ನೋಡಿ ಬರೆಯುವುದೆಂಬುದೊಂದು ಬಗೆ. ಅದರ ಹಿರಿಮೆಯನ್ನು ನಾನು ಕಡೆಗಣಿಸುವವನಲ್ಲ. ಊಟಿಯ ಮಂಜನ್ನೂ ಬೆಳಕನ್ನೂ ಬರೆದ ಕೆ. ವೆಂಕಟಪ್ಪನವರು, ರಾಜಕಾರಣವನ್ನು ಬಿಟ್ಟು ಕುಂಚಕ್ಕೆ ಮರಳಿ ಬೆಂಗಳೂರಿನ ಹೂಮರಗಳನ್ನು ಅವುಗಳ ಎದುರಿನಲ್ಲೇ ನಿಂತು ಚಿತ್ರಿಸಿದ ರುಮಾಲೆ ಚನ್ನಬಸವಯ್ಯನವರು, ಇವರು ನಮ್ಮ ಕಣ್ಣನ್ನು ತಿದ್ದಿದವರು. ಆದರೆ ನಿಸರ್ಗದಿಂದಲೇ ನಿಸರ್ಗವನ್ನು ಬರೆಯುವ ಇನ್ನೊಂದು ಬಗೆಯಿದೆ. ಮಿಶ್ರಮಾಧ್ಯಮಕ್ಕೆ ಅದು ಮಾತೃಸ್ಥಾನ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯಲ್ಲಿ ದೀವರ ಸಮುದಾಯದ ಹೆಂಗಸರು ಬರೆಯುವ ಚಿತ್ತಾರವನ್ನು ನೋಡಿರಿ. ಗೋಡೆಗೆ ಕೆಮ್ಮಣ್ಣನ್ನು ಬಳಿಯುವುದು. ನೆನೆಸಿದ ಅಕ್ಕಿಯನ್ನು ಅರೆದು ಬಿಳಿಯನ್ನು ಪಡೆಯುವುದು. ಅದೇ ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಅರೆದು ಕಪ್ಪನ್ನು ಪಡೆಯುವುದು. ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಊರಿನ ಗಡಿಯನ್ನು ದಾಟಿ ಏನನ್ನೂ ತರಬೇಕಾಗಿಲ್ಲ. ಮದುವೆಯಲ್ಲಿ ವಧೂವರರು ಕೂರುವೆಡೆಯ ಹಸೆಗೋಡೆಯ ಮೇಲೆ ಈ ಗೆರೆಗಳು ಹೆಣೆದುಕೊಳ್ಳುತ್ತವೆ. ಬರೆಯುವಾಗ ಹಾಡೂ ಇರುತ್ತದೆ. ಭತ್ತವನ್ನು ಬೆಳೆಯುವವರು ಭತ್ತದಿಂದಲೇ ಬಿಳಿಯನ್ನೂ ಕಪ್ಪನ್ನೂ ಪಡೆದು ಭತ್ತದ ಸಸಿಯನ್ನೇ ಗೋಡೆಯ ಮೇಲೆ ಬರೆದಾಗ, ವಸ್ತುವಿಗೂ ವಿಷಯಕ್ಕೂ ನಡುವೆ ಎಳೆಯಷ್ಟೂ ಬಿರುಕು ಉಳಿಯುವುದಿಲ್ಲ. ಅತ್ಯಾಧುನಿಕವೆನಿಸಿದ ಪ್ರದರ್ಶನಗಳಲ್ಲಿಯೂ ಇಂಥ ಅನ್ಯೋನ್ಯತೆಯನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಆಶ್ವಯುಜದ ಹುಣ್ಣಿಮೆಯಂದು ಆಚರಿಸುವ ಭೂಮಿ ಹುಣ್ಣಿಮೆಯು ಇದರ ಪರಾಕಾಷ್ಠೆ. ಪೈರು ಹೊಡೆಯಾಗುವ ಕಾಲದಲ್ಲಿ ಭೂಮಿತಾಯಿಯು ಬಸುರಿಯೆಂದು ಭಾವಿಸಿ, ಅವಳಿಗೆ ಬಯಕೆಯೂಟವನ್ನು ಉಣಿಸುವ ಹಬ್ಬವದು. ಬಿದಿರಿನ ಬುಟ್ಟಿಗೆ ಸೆಗಣಿಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅದರ ಮೈತುಂಬ ಚಿತ್ತಾರವನ್ನು ಬರೆದು, ಆ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆಯನ್ನು ತುಂಬಿ ಗದ್ದೆಗೆ ಒಯ್ದು, ಪೂಜಿಸಿ, ಚರಗ ಚೆಲ್ಲುತ್ತಾರೆ. ಬಿದಿರು, ಸೆಗಣಿ, ಮಣ್ಣು, ಅಕ್ಕಿ, ಕಾಯಿ, ನಾರು ಎಂದು ಎಣಿಸಿದರೆ ಆರು ಮಾಧ್ಯಮಗಳಾದುವು. ಭೂಮಿಯನ್ನು ಬಸುರಿಯೆಂದು ಕಂಡ ಆ ಕಲ್ಪನೆಯನ್ನು ಸಮುದಾಯವೊಂದು ಕೂಡಿ ಕಂಡ ಕನಸೆಂದು ಕರೆದರೆ ತಪ್ಪಾಗಲಾರದು. ಆ ಕನಸಿಗೆ ಮೈಯನ್ನು ಕೊಟ್ಟದ್ದು ಅದೇ ಗದ್ದೆಯ ಸರಕು.

ತುಳುನಾಡಿನ ನಾಗಮಂಡಲವು ಇನ್ನೊಂದು ಉದಾಹರಣೆ. ನೆಲದ ಮೇಲೆ ಐದು ಬಣ್ಣದ ಪುಡಿಗಳಿಂದ ಹೆಣೆದುಕೊಂಡ ನಾಗನ ಸುರುಳಿಯನ್ನು ಬರೆಯುತ್ತಾರೆ. ಅರಸಿನವೇ ಹಳದಿ, ಅರಸಿನಕ್ಕೆ ಸುಣ್ಣವನ್ನು ಕೂಡಿಸಿದರೆ ಕೆಂಪು. ಎರಡು ವಸ್ತುಗಳು ಕೂಡಿ ಎರಡರಲ್ಲೂ ಇಲ್ಲದ ಮೂರನೆಯದೊಂದು ಹುಟ್ಟುವ ಈ ವಿಸ್ಮಯವು ನಮ್ಮ ಮನೆಗಳ ಆರತಿತಟ್ಟೆಯಲ್ಲಿ ಓಕುಳಿಯಾಗಿ ನಿತ್ಯಪರಿಚಿತವಾಗಿದ್ದರೂ, ಮಿಶ್ರಮಾಧ್ಯಮದ ತತ್ತ್ವವೆಲ್ಲವೂ ಅದರಲ್ಲಿ ಅಡಗಿರುವುದನ್ನು ನಾವು ಲಕ್ಷಿಸುವುದಿಲ್ಲ. ಇರುಳೆಲ್ಲ ನರ್ತನ ನಡೆದು, ಬೆಳಗಾಗುವ ಹೊತ್ತಿಗೆ ಆ ಮಂಡಲವು ಅಳಿಸಿಹೋಗುತ್ತದೆ. ಕನಸಿಗೂ ಅಷ್ಟೇ ಆಯುಸ್ಸು. ಮೈಸೂರು ಸಂಪ್ರದಾಯದ ಚಿತ್ರಗಾರರು ಸುಟ್ಟ ಹುಣಸೆಕಡ್ಡಿಯಿಂದ ರೇಖೆಯನ್ನೆಳೆದು, ಮಕ್ಕಿ ಸಫೇದದ ಉಬ್ಬುಗೆಲಸದ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಿದ್ದುದನ್ನೂ, ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆಯವರು ಹಗುರ ಮರಕ್ಕೆ ಹುಣಸೆಬೀಜದ ಅಂಟನ್ನೂ ಮರದ ಪುಡಿಯನ್ನೂ ಕೂಡಿಸುವುದನ್ನೂ ಇಲ್ಲಿ ಹೆಸರಿಸಿ ಮುಂದೆ ಸಾಗುತ್ತೇನೆ. ಅವು ಒಂದೊಂದೂ ಪ್ರತ್ಯೇಕ ಉಪನ್ಯಾಸವನ್ನು ಬೇಡುವ ವಿಷಯಗಳು.

ಈಗ ನಮ್ಮ ಕಾಲಕ್ಕೆ ಬರೋಣ. ಐರೋಪ್ಯ ಕಲೆಯಲ್ಲಿ 1912ರಲ್ಲಿ ಪಿಕಾಸೊ ಚಿತ್ರವೊಂದಕ್ಕೆ ಮೇಣಬಟ್ಟೆಯ ತುಂಡನ್ನಂಟಿಸಿ ಸುತ್ತ ಹಗ್ಗವನ್ನು ಕಟ್ಟಿದುದು ಮಿಶ್ರಮಾಧ್ಯಮದ ಮಾರ್ಗದ ಆರಂಭಗಳಲ್ಲೊಂದೆಂದು ಚರಿತ್ರಕಾರರು ಹೇಳುವರು. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದವನು ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್. ಬಾಲ್ಯದಲ್ಲಿ ಅವನ ಮಂಚದೆದುರಿನ ಮರದ ಹಲಗೆಯು ಅರೆನಿದ್ರೆಯಲ್ಲಿ ನಾನಾ ರೂಪಗಳನ್ನು ತೋರುತ್ತಿತ್ತಂತೆ. 1925ರಲ್ಲಿ ಫ್ರಾನ್ಸಿನ ಕಡಲತಡಿಯ ವಸತಿಗೃಹವೊಂದರಲ್ಲಿ ಸವೆದ ಹಾಸುಹಲಗೆಯನ್ನು ನೋಡುತ್ತಿರುವಾಗ ಆ ನೆನಪು ಮರುಕಳಿಸಿ, ಅವನು ಹಲಗೆಯ ಮೇಲೆ ಕಾಗದವನ್ನಿಟ್ಟು ಸೀಸದಿಂದ ಉಜ್ಜತೊಡಗಿದನು. ಮರದ ಎಳೆಗಳಿಂದ ಕಾಡುಗಳೂ ಹಕ್ಕಿಗಳೂ ಎದ್ದುಬಂದುವು. ಮರುವರ್ಷ 34 ಚಿತ್ರಗಳ ಸಂಪುಟವಾಗಿ ಹೊರಬಂದ ಆ ಕೃತಿಗೆ ಅವನಿಟ್ಟ ಹೆಸರು ‘ನಿಸರ್ಗಚರಿತ್ರೆ’ ಎಂಬರ್ಥದ್ದು. ಅರೆನಿದ್ರೆಯ ನೋಟ, ಮರದ ಎಳೆ, ಉಜ್ಜುವ ಕೈ ಈ ಮೂರೂ ಕೂಡಿದಲ್ಲಿ ಹೊಸದೊಂದು ವಿಧಾನವೇ ಹುಟ್ಟಿತೆಂಬುದು ಗಮನಾರ್ಹ.

ನಮ್ಮಲ್ಲಿ, ಮೈಸೂರಿನಲ್ಲಿ 1941ರಲ್ಲಿ ಜನಿಸಿದ ಎಸ್. ಜಿ. ವಾಸುದೇವ್ ಅವರು ಬೇಂದ್ರೆಯವರ ಕಲ್ಪವೃಕ್ಷದ ಕಲ್ಪನೆಯಿಂದ ಪ್ರೇರಿತರಾಗಿ ‘ವೃಕ್ಷ’ ಮಾಲಿಕೆಯನ್ನು ರಚಿಸಿದರು. ಮರವೆಂಬ ಆ ಒಂದು ವಸ್ತುವನ್ನು ವರ್ಣಚಿತ್ರಕ್ಕೆ ಮುಗಿಸದೆ, ತಾಮ್ರದ ತಗಡಿನ ಉಬ್ಬುಚಿತ್ರಗಳಿಗೂ ನೇಯ್ಗೆಗೂ ಕೈಯಿಟ್ಟ ಕಲಾವಿದರು ಅವರು. ಕವಿಯ ಕನಸು ಚಿತ್ರಗಾರನ ಕಣ್ಣಿಗೆ, ಅಲ್ಲಿಂದ ಲೋಹಕ್ಕೆ, ನೂಲಿಗೆ ಹೀಗೆ ಮೈಬದಲಿಸುತ್ತ ಹೋಗುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿ, ಆರ್. ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನ, ಲಂಡನ್ನುಗಳಲ್ಲಿ ಅಭ್ಯಾಸ ಮಾಡಿದ ಶೀಲಾ ಗೌಡ ಅವರ ಮಾರ್ಗವು ಇನ್ನೂ ಕಠಿನವಾದುದು. 1990ರ ದಶಕದಲ್ಲಿ, ದೇಶವು ಕೋಮುಗಲಭೆಗಳಿಂದ ನೊಂದಿದ್ದ ಕಾಲದಲ್ಲಿ, ತೈಲವರ್ಣದಿಂದ ದೂರ ಸರಿದು ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಭೂಮಣ್ಣಿ ಬುಟ್ಟಿಗೆ ಸಾರಿಸುವ ಅದೇ ಸೆಗಣಿ ಇಲ್ಲಿ ಪಾವಿತ್ರ್ಯ, ಶ್ರಮ, ಹಿಂಸೆ ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಹೊತ್ತುಕೊಂಡು ನಿಂತಿತು. 1998ರ ಸುಮಾರಿಗೆ ಅವರು ಸೂಜಿಗಳ ಕಣ್ಣುಗಳಲ್ಲಿ ಬಹುದೀರ್ಘವಾದ ದಾರಗಳನ್ನು ಹಾಯಿಸಿ, ಅಂಟಿನಿಂದಲೂ ಕುಂಕುಮದಿಂದಲೂ ಅವನ್ನು ಬಂಧಿಸಿ ಕೆಂಪನೆಯ ಹಗ್ಗಗಳನ್ನು ಮಾಡಿದರು. ಕೋಣೆಯಲ್ಲಿ ಸುರುಳಿಸುರುಳಿಯಾಗಿ ಇಳಿಬಿದ್ದ ಆ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. 2009ರಲ್ಲಿ ವೆನಿಸ್ ನಗರದ ದ್ವೈವಾರ್ಷಿಕ ಪ್ರದರ್ಶನದಲ್ಲಿ ತೋರಿಸಿದ ಕೃತಿಗೆ ಮನುಷ್ಯರ ಕೂದಲಿನ ಹಗ್ಗವೂ ಮೋಟಾರುಗಾಡಿಗಳ ಬಂಪರುಗಳೂ ವಸ್ತುಗಳಾದುವು. ದೃಷ್ಟಿ ತಾಗದಿರಲೆಂದು ನಮ್ಮ ಲಾರಿಗಳಿಗೂ ಕಾರುಗಳಿಗೂ ಕಟ್ಟುವ ಕೂದಲಹಗ್ಗವನ್ನು ನಾವೆಲ್ಲರೂ ಕಂಡಿದ್ದೆವು. ಅವರು ಅದನ್ನು ನೋಡಿದರು. ಇದು ಸುಂದರವಾದ ಕನಸಲ್ಲ, ದುಃಸ್ವಪ್ನದ ಅಂಚಿನಲ್ಲಿರುವ ಕಲೆ. ಸ್ಫೂರ್ತಿಯೆಂದರೆ ಹೂವು, ಚಿಟ್ಟೆ, ಕಾಮನಬಿಲ್ಲು ಎಂದು ತಿಳಿಯುವವರು ಇದರೆದುರು ತುಸು ಹೊತ್ತು ನಿಲ್ಲಬೇಕೆಂದು ನನ್ನ ಪ್ರಾರ್ಥನೆ.

ಇನ್ನು ಕೊನೆಯದಾಗಿ ನಮ್ಮ ಈ ನೆಲದ ವಿಚಾರ. ನಾವಿಂದು ಸೇರಿರುವ ಸಂಜಯನಗರವು ಬಡಾವಣೆಯೇ ಸರಿ. ಬೆಟ್ಟವೂ ಕಾಡೂ ಇಲ್ಲಿಲ್ಲವೆಂದು ನಮ್ಮ ಅಭ್ಯಾಸಿಗಳು ಹೇಳುವುದುಂಟು. ಆದರೆ ಕೂಗಳತೆಯ ದೂರದಲ್ಲಿ ಹೆಬ್ಬಾಳದ ಕೆರೆಯಿದೆ, ಅದರಂಚಿನಲ್ಲಿ ಜೊಂಡಿದೆ. 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಾಲದ ಕಿತ್ತಯ್ಯನ ವೀರಗಲ್ಲು ಸಿಕ್ಕಿದ್ದು ಅದೇ ಹೆಬ್ಬಾಳದಲ್ಲಿ. ಚಿತ್ರ ಅಕ್ಷರಗಳೆರಡೂ ಒಂದೇ ಕಲ್ಲಿನ ಮೈಯಲ್ಲಿ ಬೆರೆತಿರುವುದನ್ನು ಅಲ್ಲಿ ಕಾಣಬಹುದು. ಇತ್ತ ಮೇಖ್ರಿ ವೃತ್ತದ ಬಳಿ, 1948ರಲ್ಲಿ ಸಿ. ವಿ. ರಾಮನ್ನರು ಸ್ಥಾಪಿಸಿದ ಸಂಶೋಧನಾಲಯವಿದೆ. ಆ ಮಹಾವಿಜ್ಞಾನಿಯು ಇಳಿವಯಸ್ಸಿನಲ್ಲಿ ಹೂಗಳ ಬಣ್ಣವನ್ನೇ ಅಧ್ಯಯನದ ವಿಷಯವಾಗಿಸಿಕೊಂಡಿದ್ದರು. ನಮ್ಮ ಬೀದಿಗಳಲ್ಲಿ ಗುಲ್‌ಮೊಹರಿನ ಕತ್ತಿಯಂಥ ಕಾಯಿ ಬೀಳುತ್ತದೆ, ಬೂರುಗದ ಅರಳೆ ಹಾರುತ್ತದೆ. ಸರಕಿಗೇನೂ ಬಡತನವಿಲ್ಲ.

ಕೆಲವು ಪ್ರಾಯೋಗಿಕವಾದ ಮಾತುಗಳನ್ನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಕನಸನ್ನು ಬರೆದಿಡುವವರು ಸಾಮಾನ್ಯವಾಗಿ ಅದರ ಕಥೆಯನ್ನು ಬರೆಯುತ್ತಾರೆ; ಕಥೆಯು ಮಿಶ್ರಮಾಧ್ಯಮಕ್ಕೆ ಅಷ್ಟಾಗಿ ಒದಗುವುದಿಲ್ಲ. ಎದ್ದೊಡನೆ, ಯಾರೊಡನೆಯೂ ಮಾತಾಡುವ ಮುನ್ನ, ಕನಸಿನ ನೆಲವು ಒದ್ದೆಯಾಗಿತ್ತೇ ಒರಟಾಗಿತ್ತೇ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಕೈಗೆ ತಾಗಿದ್ದು ರೇಷ್ಮೆಯೋ ಗೋಣಿಯೋ ಎಂಬುದನ್ನು ಗುರುತುಮಾಡಿಕೊಳ್ಳಿರಿ. ಅಂದು ಬೀದಿಗಿಳಿದಾಗ ಆ ಸ್ಪರ್ಶಕ್ಕೆ ಹೊಂದುವ ವಸ್ತುವನ್ನು ಹುಡುಕಿರಿ. ಸಿಕ್ಕ ವಸ್ತುವು ಕನಸಿನಲ್ಲಿದ್ದಂತೆಯೇ ಇರುವುದಿಲ್ಲ. ಅದು ಕನಸನ್ನು ತಿದ್ದುತ್ತದೆ, ತಿದ್ದಲಿ. ಅರಳಿಯ ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಯಿಸಿ, ಹಸಿರನ್ನು ಮೆಲ್ಲನೆ ತೊಳೆದು ತೆಗೆದರೆ ನರಗಳ ಜಾಲವೊಂದೇ ಉಳಿಯುತ್ತದೆ. ಅದರ ಮೇಲೆ ಒಡನೆಯೇ ದೇವರ ಚಿತ್ರವನ್ನು ಬರೆದುಬಿಡುವ ವಾಡಿಕೆಗೆ ಮರುಳಾಗದೆ, ಮೊದಲು ಅದನ್ನು ದೀಪಕ್ಕೆ ಹಿಡಿದು ಅದರ ನೆರಳನ್ನು ನೋಡಿರಿ. ಮೈದಾಗಂಜಿಯ ಅಂಟನ್ನು ಬಳಸುವವರು ಪುಸ್ತಕಕಟ್ಟುವವರಂತೆ ಅದಕ್ಕೆ ತುಸು ಮೈಲುತುತ್ತವನ್ನು ಕೂಡಿಸಿದರೆ ಹುಳು ಬೀಳುವುದಿಲ್ಲ. ಆದರೆ ಅದು ವಿಷ, ಮಕ್ಕಳ ಕೈಗೆ ಸಿಗದಂತಿರಬೇಕು.

ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ಚಿತ್ತಾರದ ರೇಖೆಗಳನ್ನು ನಗರದ ಕಲಾವಿದರು ತಮ್ಮ ಕೃತಿಗಳಿಗೆ ತರುವಾಗ, ಅವು ದೀವರ ಹೆಂಗಸರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿದ್ಯೆಯೆಂಬುದನ್ನು ಕೃತಿಯ ಬದಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಸಾಧ್ಯವಾದರೆ ಅವರ ಊರಿಗೆ ಹೋಗಿ, ಅವರ ಬಳಿ ಕುಳಿತು, ಪುಂಡಿಯ ನಾರನ್ನು ಹಿಡಿಯುವುದನ್ನು ಅವರಿಂದಲೇ ಕಲಿಯತಕ್ಕದ್ದು. ಇನ್ನು ಕೃತಿಯ ಬಾಳಿಕೆಯ ಮಾತು. ಭೂಮಣ್ಣಿ ಬುಟ್ಟಿಯು ಪ್ರತಿವರ್ಷವೂ ಹೊಸದಾಗಿ ಬರೆಯಿಸಿಕೊಳ್ಳುತ್ತದೆಯಾದುದರಿಂದ ಅದಕ್ಕೆ ಕ್ಷಯದ ಭಯವಿಲ್ಲ. ನಮ್ಮ ಕೃತಿಗಳಿಗೆ ಆ ಭಾಗ್ಯವಿಲ್ಲ. ಎಲೆ ಪುಡಿಯಾಗುತ್ತದೆ, ಅರಸಿನ ಬಿಸಿಲಿಗೆ ಬಣ್ಣಗೆಡುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದಕಾರಣ ಪ್ರತಿಯೊಂದು ಕೃತಿಯ ಹಿಂಬದಿಯಲ್ಲಿಯೂ ಯಾವ ವಸ್ತು, ಯಾವ ಊರಿನದು, ಯಾವ ತಿಂಗಳಿನಲ್ಲಿ ಆಯ್ದದ್ದು, ಯಾವ ಅಂಟಿನಿಂದ ಕೂಡಿಸಿದ್ದು ಎಂಬುದನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸವನ್ನು ನಮ್ಮ ಕಲಾಶಾಲೆಗಳು ಕಡ್ಡಾಯ ಮಾಡಬೇಕೆಂದು ನನ್ನ ಸೂಚನೆ. ಈ ಉಪನ್ಯಾಸವನ್ನು ಏರ್ಪಡಿಸಿರುವ ಸಂಸ್ಥೆಯವರು ಮುಂದಿನ ವರ್ಷದೊಳಗೆ ಹೆಬ್ಬಾಳ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳ ಸುತ್ತಿನಲ್ಲಿ ಸಿಗುವ ಮಣ್ಣು, ಕಾಯಿ, ತೊಗಟೆ, ನಾರುಗಳನ್ನು ಋತುವಾರಿಯಾಗಿ ಸಂಗ್ರಹಿಸಿ, ಹೆಸರುಚೀಟಿಗಳೊಡನೆ ಒಂದು ಕಪಾಟಿನಲ್ಲಿರಿಸಿ ವಿದ್ಯಾರ್ಥಿಗಳ ಉಪಯೋಗಕ್ಕೆ ತೆರೆದಿಡುವುದಾದರೆ, ಅದರ ಮೊದಲ ಸಂಗ್ರಹಕಾರ್ಯದಲ್ಲಿ ನಾನೂ ಕೈಗೂಡಿಸಲು ಸಿದ್ಧನಿದ್ದೇನೆ.